ಎರಡನೇ ಸಲ ಒತ್ತಿದರೆ ಬೈಯಬಾರದು

ಬನಹಟ್ಟಿಯ ನೇಕಾರರ ಸಂಘದ ನೂಲಿನ ಡಿಪೋದಿಂದ ಮಲ್ಲಪ್ಪನ ಫೋನು ಬಂತೆಂದರೆ ನಾನು ‘ಹಲೋ’ ಅನ್ನುವುದಿಲ್ಲ. ‘ಏನ್ ಕೆಟ್ಟೈತಿ?’ ಅಂತಲೇ ಶುರು ಮಾಡುತ್ತೇನೆ. ಅವನು ಡಿಪೋದ ಗುಮಾಸ್ತ, ನಾನು ಆ ಸಂಘದ ವೆಬ್ ಅಪ್ಲಿಕೇಶನ್ ನೋಡಿಕೊಳ್ಳುವವನು. ನಮ್ಮಿಬ್ಬರ ನಡುವೆ ಕುಶಲ ವಿಚಾರಿಸುವ ಪದ್ಧತಿ ಬೆಳೆದೇ ಇಲ್ಲ. ಹೋದ ತಿಂಗಳು ಪಾಡ್ಯದ ದಿನ ಮುಂಜಾನೆ ಫೋನು ಬಂದಾಗಲೂ ಹಾಗೇ ಕೇಳಿದೆ. ‘ಏನೂ ಕೆಟ್ಟಿಲ್ಲರಿ,’ ಅಂದ. ‘ಅಕ್ಕೋರು ನಿನ್ನೆ ಸಂಜೀಕ ಹೋದ್ರು. ಮಧ್ಯಾಹ್ನ ಮಣ್ಣು.’

ಊರೆಲ್ಲ ಅವರಿಗೆ ಅಕ್ಕೋರು ಅನ್ನುತ್ತಿತ್ತು. ನಮ್ಮ ಕಡೆ ಸಾಲಿ ಕಲಿಸುವ ಹೆಣ್ಣುಮಕ್ಕಳಿಗೆ ಹಾಗೆ ಅನ್ನುತ್ತಾರೆ. ಇವರು ಸಾಲಿಯಲ್ಲಿ ಕಲಿಸಿದವರಲ್ಲ. ಊರಿಗೆ ಕಂಪ್ಯೂಟರ್ ಹೊಸದಾಗಿ ಬಂದ ಕಾಲದಲ್ಲಿ ನೂಲಿನ ಅಂಗಡಿಯೊಂದರ ಮಹಡಿಯ ಮೇಲೆ ಹುಡುಗರಿಗೆ ಕಂಪ್ಯೂಟರ್ ಕ್ಲಾಸು ನಡೆಸಿದರು. ಕ್ಲಾಸು ಬೇಗ ಮುಚ್ಚಿತು, ಹೆಸರು ಅಂಟಿಕೊಂಡಿತು. ಅದೇ ಮಹಡಿಯ ಮೇಲೆ ಒಬ್ಬರೇ ಕೂತು ಸಂಘಗಳಿಗೆ, ಕಾಲೇಜುಗಳಿಗೆ, ಬೀಜದ ಅಂಗಡಿಗಳಿಗೆ ವೆಬ್ ಅಪ್ಲಿಕೇಶನ್ ಬರೆದುಕೊಡತೊಡಗಿದರು. ತಮ್ಮ ಹೆಸರು ಎಲ್ಲೂ ಹಾಕುತ್ತಿರಲಿಲ್ಲ, ಪುಟದ ಕೆಳಗೆ ಸಣ್ಣ ಅಕ್ಷರದಲ್ಲೂ ಇಲ್ಲ. ಹಾಗಾಗಿ ನಾನೂ ಇಲ್ಲಿ ಹಾಕುವುದಿಲ್ಲ.

ನನ್ನದು ರನ್ನ ಬೆಳಗಲಿ. ಓದು ಮುಗಿಸಿ ಜಮಖಂಡಿಯಲ್ಲಿ ಒಂದು ಸಣ್ಣ ಆಫೀಸು ತೆರೆದಿದ್ದೆ. ಹಳೆಯ ಅಪ್ಲಿಕೇಶನ್‌ಗಳನ್ನು ಹೊಸ ಆವೃತ್ತಿಗೆ ಒಯ್ಯುವುದೇ ನನ್ನ ಮುಖ್ಯ ಕಸಬಾಯಿತು, ಯಾಕೆಂದರೆ ನಮ್ಮ ಭಾಗದಲ್ಲಿ ಹೊಸದಾಗಿ ಬರೆಸುವವರಿಗಿಂತ ಹಳೆಯದು ನಿಂತು ಹೋಗುತ್ತದೆಂದು ಹೆದರಿ ಓಡಿಬರುವವರೇ ಜಾಸ್ತಿ. ಆ ಹಳೆಯವುಗಳಲ್ಲಿ ಅರ್ಧದಷ್ಟು ಅಕ್ಕೋರು ಬರೆದವು. ಬೀಳಗಿಯಿಂದ ಮುಧೋಳದವರೆಗೆ ಎಲ್ಲಿ ಹೋಗಿ ಕೋಡು ತೆರೆದರೂ ಅವರದೇ ಕೈ ಕಾಣುತ್ತಿತ್ತು. ಕೊನೆಗೆ ಒಂದು ದಿನ ಬೇಸತ್ತು, ಇದನ್ನು ಬರೆದವರನ್ನೇ ಕೇಳಿಬಿಡೋಣ ಅಂತ ಬನಹಟ್ಟಿಗೆ ಹೋಗಿ ಆ ಮಹಡಿ ಹತ್ತಿದೆ. ಅಲ್ಲಿಂದ ನಾವು ಕೂಡಿ ಕೆಲಸ ಮಾಡತೊಡಗಿದೆವು.

ಒಳ್ಳೆಯ ಮಾತು ಬರೆಯಲು ಕೂತಿದ್ದೇನೆ, ಆದರೆ ಇದನ್ನು ಮೊದಲೇ ಹೇಳಿಬಿಡುವುದು ಮೇಲು: ಅವರ ಜೊತೆ ಕೆಲಸ ಮಾಡುವುದು ಸುಖದ ಸಂಗತಿಯಾಗಿರಲಿಲ್ಲ. ಸಣ್ಣ ಆಳು, ಮುಖಕ್ಕಿಂತ ದೊಡ್ಡ ಚಷ್ಮಾ, ಬಾಯಿ ಅದಕ್ಕಿಂತ ದೊಡ್ಡದು. ಚಹಾ ಬಸಿಗೆ ಸುರಿದುಕೊಂಡು ಕುಡಿಯುತ್ತ ನನ್ನ ಒಂದು ದಿನದ ಕೆಲಸವನ್ನು ಓದುವರು, ಬಸಿ ಖಾಲಿಯಾಗುವ ಹೊತ್ತಿಗೆ ಅದರಲ್ಲಿ ಅರ್ಧ ಅಳಿಸಿರುವರು. ಮೆಚ್ಚಿದರೆ ‘ಆತು’ ಅನ್ನುವರು. ಅದಕ್ಕಿಂತ ದೊಡ್ಡ ಮೆಚ್ಚುಗೆ ಅವರ ಹತ್ತಿರ ಇರಲೇ ಇಲ್ಲ. ಆ ಒಂದು ‘ಆತು’ಗಾಗಿ ನಾನು ವಾರಗಟ್ಟಲೆ ಕಾದದ್ದುಂಟು, ಸಿಕ್ಕ ದಿನ ಜಮಖಂಡಿಗೆ ಬಸ್ಸಿನಲ್ಲಿ ಹಿಂದಿರುಗುವಾಗ ಮನಸ್ಸು ಹಗುರಾಗಿರುತ್ತಿತ್ತು.

ವಿಚಾರ ಮಾಡುವಾಗ ಅವರ ಬಲಗೈಯ ಹೆಬ್ಬೆರಳು ತೋರುಬೆರಳು ತಾವೇ ಒಂದಕ್ಕೊಂದು ಉಜ್ಜಿಕೊಳ್ಳುತ್ತಿದ್ದವು. ನಾನು ಮೊದಮೊದಲು ತಂಬಾಕಿನ ಚಟವಿರಬೇಕು ಅಂದುಕೊಂಡಿದ್ದೆ. ಆಮೇಲೆ ಅವರೇ ಹೇಳಿದರು. ಅವರ ಅವ್ವ ಓಣಿಯ ಮಗ್ಗಗಳಿಗೆ ಎಳೆ ಕೂಡಿಸಲು ಹೋಗುತ್ತಿದ್ದಳಂತೆ. ಮಗ್ಗದ ಮೇಲಿನ ಹಾಸು, ಅಂದರೆ ಉದ್ದುದ್ದದ ಎಳೆಗಳು, ಮುಗಿಯುತ್ತ ಬಂದಾಗ ಅದನ್ನು ಪೂರಾ ತೆಗೆಯುವುದಿಲ್ಲ. ಒಂದು ಗೇಣು ಉಳಿಸಿ, ಅದರ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆ ಹೊಸೆದು ಕೂಡಿಸುತ್ತಾರೆ. ಆಮೇಲೆ ಮೆಲ್ಲಗೆ ಎಳೆದರೆ ಹಳೆಯದರ ಬೆನ್ನು ಹಿಡಿದು ಹೊಸದು ತಾನಾಗಿ ಮಗ್ಗದೊಳಗೆ ಬರುತ್ತದೆ. ಬೆರಳಿಗೆ ಬೂದಿ ಹಚ್ಚಿಕೊಂಡು ಅವ್ವ ದಿನವಿಡೀ ಇದನ್ನೇ ಮಾಡುವಳು, ಮಗಳು ಪಕ್ಕದಲ್ಲಿ ಕೂತು ಎಳೆ ಎತ್ತಿಕೊಡುವಳು, ಬರಬರುತ್ತ ತಾನೂ ಹೊಸೆಯುವಳು. ಆ ಕೆಲಸ ಬಿಟ್ಟು ಎಷ್ಟೋ ಕಾಲವಾದರೂ ಬೆರಳು ಬಿಟ್ಟಿರಲಿಲ್ಲ.

ಅಕ್ಕೋರಿಗೆ ಹಳೆಯದರ ಮೇಲೆ ಪ್ರೀತಿ ಇತ್ತೆಂದು ಯಾರೂ ತಿಳಿಯಬಾರದು. ಹೊಸ ಆವೃತ್ತಿ ಬಂದರೆ ನನಗಿಂತ ಮೊದಲು ಅವರೇ ಅದನ್ನು ಹಾಕಿಕೊಂಡು ನೋಡಿರುತ್ತಿದ್ದರು. ಹೊಸ ಫ್ರೇಮ್‌ವರ್ಕು ಕಲಿಯಲು ಫೋನಿನಲ್ಲಿ ಪಾಠ ಹಚ್ಚಿಕೊಂಡು, ಹೇಳುವವನು ನಿಧಾನ ಮಾಡುತ್ತಾನೆಂದು ವೇಗ ಹೆಚ್ಚಿಸಿ, ರೊಟ್ಟಿ ಬಡಿಯುತ್ತ ಕೇಳುವರು. ‘ಹಳೇದ ಚಂದ ಅನ್ನಾವ ಅದನ್ನ ಒಮ್ಮೆನೂ ರಿಪೇರಿ ಮಾಡಿರಂಗಿಲ್ಲ’ ಅನ್ನುವುದು ಅವರ ಮಾತು. ಆದರೆ ಮುಧೋಳದ ಕಾಲೇಜೊಂದರಲ್ಲಿ, ಹೊರಗಿನಿಂದ ಬಂದ ಕಂಪನಿಯ ಹುಡುಗನೊಬ್ಬ ಅವರ ಅಪ್ಲಿಕೇಶನ್ನಿಗೆ ಐದಾರು ಸಲ ‘ಲೆಗಸಿ, ಲೆಗಸಿ’, ಅಂದರೆ ಕಾಲ ಮೀರಿದ ಹಳೆಯದು, ಅಂದಾಗ ಅವರಿಗೆ ಸುಮ್ಮನಿರಲಾಗಲಿಲ್ಲ. ಇವತ್ತು ಮುಂಜಾನೆ ಅದು ಹುಡುಗರ ಪ್ರವೇಶ ಅರ್ಜಿ ತೆಗೆದುಕೊಂಡಿತೋ ಇಲ್ಲವೋ ಅಂತ ಕೇಳಿದರು. ತೆಗೆದುಕೊಂಡಿತು ಅಂದ. ಹಾಗಿದ್ದರೆ ಹಳೆಯದು ಅನ್ನಬೇಡ, ನಡೆಯುತ್ತಿದೆ ಅನ್ನು ಅಂದರು. ಹೊರಗೆ ಬಂದ ಮೇಲೆ ನನ್ನ ಕಿವಿಯಲ್ಲಿ, ಒಳಗೆಲ್ಲ ಗೆದ್ದಲು ಹಿಡಿದಿದೆ, ಆ ಹುಡುಗ ಹೇಳಿದ್ದು ಖರೆ, ಈ ವರ್ಷವೇ ತೆಗೆದು ಬರೆಯಬೇಕು ಅಂದರು.

ಬನಹಟ್ಟಿಯ ಸಂಘದ್ದು ಅವರು ಬರೆದ ಮೊದಲ ಅಪ್ಲಿಕೇಶನ್. ಅದರ ಕೆಲಸ ಸಾದಾ. ಸಂಘ ನೇಕಾರರ ಮನೆಗಳಿಗೆ ನೂಲು ಕೊಡುತ್ತದೆ, ಅವರು ನೇಯ್ದ ಸೀರೆ ತಂದು ಜಮಾ ಮಾಡುತ್ತಾರೆ. ಯಾವ ಮನೆಗೆ ಎಷ್ಟು ನೂಲು ಹೋಯಿತು, ಎಷ್ಟು ಸೀರೆ ಬಂತು, ಮುಂದೆ ಎಷ್ಟು ಕೊಡಬೇಕು, ಇದಿಷ್ಟೇ. ಅಮಾವಾಸ್ಯೆಯ ದಿನ ನಮ್ಮಲ್ಲಿ ಮಗ್ಗಕ್ಕೆ ಸೂಟಿ. ಮರುದಿನ ಪಾಡ್ಯಕ್ಕೆ ನೂಲು ಕೊಡುವುದು ಸಂಘದ ರೂಢಿ. ಆ ಮುಂಜಾನೆ ಮಲ್ಲಪ್ಪನ ಮುಂದಿನ ಪರದೆ ತೆರೆಯದಿದ್ದರೆ ನೂಲು ಇಲ್ಲ, ನೂಲು ಇಲ್ಲದಿದ್ದರೆ ಮಗ್ಗ ಇಲ್ಲ.

ಹೀಗಿರುವಾಗ ಸರ್ವರ್ ಕಂಪನಿಯವರ ಸೂಚನೆ ಬಂತು. ಅಪ್ಲಿಕೇಶನ್ ಬರೆದಿದ್ದ ಪಿಎಚ್‌ಪಿ ಭಾಷೆಯ ಹಳೆಯ ಆವೃತ್ತಿಯನ್ನು ಇನ್ನು ಕೆಲವು ತಿಂಗಳಲ್ಲಿ ತಮ್ಮ ಯಂತ್ರಗಳಿಂದ ತೆಗೆದುಹಾಕುತ್ತೇವೆ, ಅಷ್ಟರೊಳಗೆ ಹೊಸದಕ್ಕೆ ಬನ್ನಿ ಅಂತ. ಹೊಸ ಆವೃತ್ತಿಯಲ್ಲಿ ಅಕ್ಕೋರ ಕೋಡು ಹಾಗೇ ಹಾಕಿದರೆ ಮೊದಲ ಪುಟವೂ ತೆರೆಯುತ್ತಿರಲಿಲ್ಲ. ದತ್ತಾಂಶದೊಂದಿಗೆ ಮಾತಾಡುವ ಹಳೆಯ ಆಜ್ಞೆಗಳನ್ನೇ ಆ ಭಾಷೆ ಕೈಬಿಟ್ಟಿತ್ತು. ನನ್ನ ಲೆಕ್ಕ ನೇರವಾಗಿತ್ತು: ಎಲ್ಲವನ್ನೂ ಹೊಸ ಫ್ರೇಮ್‌ವರ್ಕಿನಲ್ಲಿ ಬೇರೆಯಾಗಿ ಬರೆದಿಡೋಣ, ಒಂದು ಒಳ್ಳೆಯ ದಿನ ನೋಡಿ ಹಳೆಯದು ಬಂದ್ ಮಾಡಿ ಹೊಸದು ಚಾಲೂ ಮಾಡೋಣ. ಸಂಘದ ಅಧ್ಯಕ್ಷರೂ ಇದಕ್ಕೆ ತಲೆಯಾಡಿಸಿದರು. ಅಕ್ಕೋರು ಬಸಿ ಕೆಳಗಿಟ್ಟು ಇಲ್ಲ ಅಂದರು.

ಅಂದೇ ಅವರು ಮೊದಲ ಸಲದ ಕತೆ ಹೇಳಿದ್ದು. ಅಪ್ಲಿಕೇಶನ್ ಮೊದಲು ಬಂದಾಗ ಹಾಗೇ ಮಾಡಿದ್ದರಂತೆ. ಪಾಡ್ಯದ ದಿನ ಮುಹೂರ್ತ ನೋಡಿ, ಕೈಬರಹದ ಪದ್ಧತಿಯನ್ನು ಒಂದೇ ಏಟಿಗೆ ನಿಲ್ಲಿಸಿ, ತೆಂಗಿನಕಾಯಿ ಒಡೆದು ಶುರು ಮಾಡಿದರು. ಮಧ್ಯಾಹ್ನದ ಹೊತ್ತಿಗೆ ಅದು ಮಲಗಿತು. ಯಾರಿಗೆ ಎಷ್ಟು ನೂಲು ಅಂತ ಹೇಳುವವರು ಯಾರೂ ಇಲ್ಲ. ಜನ ಸಾಲಿನಲ್ಲಿ ನಿಂತು ನಿಂತು ಮನೆಗೆ ಹೋದರು, ಮರುದಿನವೂ ಬಂದು ಹೋದರು. ಅಕ್ಕೋರಿಗೆ ಆಗ ಚಿಕ್ಕ ವಯಸ್ಸು, ಊರಿಗೆಲ್ಲ ಕಂಪ್ಯೂಟರ್ ತಂದವಳು ಅನ್ನುವ ಜಂಬ ಬೇರೆ. ಆ ಸಾಲಿನಲ್ಲಿ ಅವರ ಅವ್ವನೂ ಇದ್ದಳು. ಅವಳೂ ಖಾಲಿ ಚೀಲ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಹೋದಳು.

‘ಮನ್ಯಾಗ ಮಗ್ಗ ಸುಮ್ನ ನಿಂತಿತ್ತು ತಮ್ಮಾ,’ ಅಂದರು ಅಕ್ಕೋರು. ‘ಅವ್ವ ನನಗ ಊಟಕ್ಕ ನೀಡಿದಳು. ಒಂದ ಮಾತ ಅನ್ನಲಿಲ್ಲ. ಅಂದಿದ್ರ ಛಲೋ ಇತ್ತು.’

ಅದನ್ನು ಹೇಳುವಾಗ ಅವರ ಬೆರಳು ಉಜ್ಜುತ್ತಿರಲಿಲ್ಲ. ಅಂದಿನಿಂದ ನನಗೂ ಗೊತ್ತಾಯಿತು, ಈ ಕೆಲಸದಲ್ಲಿ ಅವರಿಗೆ ಬೇಕಾದದ್ದು ಒಂದೇ: ಒಂದು ಪಾಡ್ಯಕ್ಕೂ ಒಂದು ಮನೆಯ ಚೀಲವೂ ಖಾಲಿ ಹಿಂದಿರುಗಬಾರದು. ಅವರ ಕೋಡು ಉಳಿಯುತ್ತದೋ ಹೋಗುತ್ತದೋ, ಅದರ ಚಿಂತೆ ಅವರಿಗೆ ಇರಲಿಲ್ಲ.

ಆದ್ದರಿಂದ ಅವ್ವನ ಕೆಲಸದ ಹಾಗೇ ಮಾಡಿದೆವು. ಹಳೆಯದು ನಡೆಯುತ್ತಲೇ ಇತ್ತು. ಅದರ ಮುಂದೆ ಒಂದು ಬಾಗಿಲು ಕಟ್ಟಿದೆವು. ಯಾವ ಪುಟ ಹೊಸದರಲ್ಲಿ ತಯಾರಾಗಿದೆಯೋ ಅದಕ್ಕೆ ಬಂದವರನ್ನು ಬಾಗಿಲು ಹೊಸದರ ಕಡೆ ಕಳಿಸುವುದು, ಉಳಿದವರನ್ನು ಹಳೆಯದರ ಕಡೆ. ಮೊದಲು ಯಾರೂ ಹೆಚ್ಚು ನೋಡದ ಸಣ್ಣ ಪುಟಗಳು, ಆಮೇಲೆ ನೇಕಾರರ ವಿಳಾಸ, ಆಮೇಲೆ ಸೀರೆಯ ವರದಿ. ಒಂದೊಂದೇ ಎಳೆ. ಡಿಪೋದವರಿಗೆ ಏನೂ ತಿಳಿಯಲಿಲ್ಲ. ಒಬ್ಬರು ಮಾತ್ರ ಅಕ್ಷರ ಸ್ವಲ್ಪ ದಪ್ಪ ಆದವಲ್ಲ ಅಂದರಂತೆ.

ಸೀರೆ ಜಮಾ ಮಾಡುವ ಪುಟದ ಸರದಿ ಬಂದಾಗ ನಾನು ಹಳೆಯ ಕೋಡಿನ ಸಾಲುಸಾಲು ಓದಿ ಹೊಸದನ್ನು ಬರೆದಿದ್ದೆ. ನನ್ನ ಮಟ್ಟಿಗೆ ಮುಗಿದಿತ್ತು. ಅಕ್ಕೋರು ನನ್ನನ್ನು ಕರೆದುಕೊಂಡು ಡಿಪೋಕ್ಕೆ ಹೋಗಿ ಮಲ್ಲಪ್ಪನ ಹಿಂದೆ ಎರಡು ಕುರ್ಚಿ ಹಾಕಿಸಿದರು. ಏನು ಮಾಡಬೇಕು ಅಂತ ಕೇಳಿದೆ. ನೋಡಬೇಕು ಅಂದರು. ನಮ್ಮ ತಿಮ್ಮಾಪುರದ ಮುಧೋಳ ನಾಯಿ ವಾಸನೆ ಹಿಡಿದು ಹೋಗುವುದಿಲ್ಲ, ಕಣ್ಣಿನಿಂದ ಬೇಟೆ ಹಿಡಿಯುತ್ತದೆ, ನೀನೂ ಮೂಗು ಕೋಡಿನಿಂದ ತೆಗೆದು ಅವನ ಕೈ ನೋಡು ಅಂದರು. ನನಗೆ ಬೇಸರವಾಯಿತು. ಮಲ್ಲಪ್ಪ ಸೀರೆ ಎಣಿಸುವುದನ್ನು, ಟೈಪು ಮಾಡುವುದನ್ನು ನೋಡುತ್ತ ಮಧ್ಯಾಹ್ನದವರೆಗೆ ಕೂತೆವು.

ಒಮ್ಮೆಲೇ ಅಕ್ಕೋರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. ‘ಮಲ್ಲಪ್ಪಾ, ಎರಡೆರಡ ಸಲ ಯಾಕ ಒತ್ತತೀ?’

ಅವನು ‘ಜಮಾ’ ಗುಂಡಿಯನ್ನು ಪ್ರತಿಸಲವೂ ಎರಡು ಬಾರಿ ಒತ್ತುತ್ತಿದ್ದ. ನಾನು ಅಷ್ಟು ಹೊತ್ತು ನೋಡಿದರೂ ಕಂಡಿರಲಿಲ್ಲ. ಮಲ್ಲಪ್ಪನಿಗೆ ಆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. ಮೊದಲನೇ ಸಲ ಒತ್ತಿದರೆ ಅದು ಕೇಳಿಸಿಕೊಳ್ಳುತ್ತದೆ, ಎರಡನೇ ಸಲಕ್ಕೆ ಬರೆದುಕೊಳ್ಳುತ್ತದೆ, ಅದೇ ಅಲ್ಲವೇ ಪದ್ಧತಿ ಅಂದ. ರಬಕವಿಯ ಡಿಪೋದವನಿಗೂ ತಾನೇ ಹಾಗೆ ಕಲಿಸಿದ್ದನಂತೆ.

ಅದು ಪದ್ಧತಿಯಲ್ಲ, ಅಕ್ಕೋರ ತಪ್ಪು. ಒಳಗೆ ಎಲ್ಲೋ ಒಂದು ಕಡೆ, ಪರದೆ ಸ್ವಲ್ಪ ಹೊತ್ತು ಸುಮ್ಮನಿದ್ದರೆ ಮೊದಲ ಒತ್ತು ಬರೀ ಅದನ್ನು ಎಬ್ಬಿಸುತ್ತಿತ್ತು, ಜಮಾ ಆಗುತ್ತಿರಲಿಲ್ಲ. ತಮ್ಮ ಮೇಜಿನ ಮೇಲೆ ಬಡಬಡ ಪರೀಕ್ಷೆ ಮಾಡುವ ಅವರಿಗೆ ಅದು ಎಂದೂ ಗೊತ್ತಾಗಿರಲಿಲ್ಲ. ಸೀರೆ ಎಣಿಸಿ, ಅಂಚು ನೋಡಿ, ಆಮೇಲೆ ಒತ್ತುವ ಮಲ್ಲಪ್ಪನಿಗೆ ಮಾತ್ರ ದಿನಾಲೂ ಸಿಗುತ್ತಿತ್ತು. ಅವನು ದೂರು ಹೇಳಲಿಲ್ಲ, ಕೈ ತಿದ್ದಿಕೊಂಡ. ಇನ್ನು ನನ್ನ ಹೊಸ ಪುಟ ಮೊದಲ ಒತ್ತಿಗೇ ಬರೆದುಕೊಳ್ಳುವಂಥದ್ದು. ಹಾಗೇ ಚಾಲೂ ಮಾಡಿದ್ದರೆ ಒಂದೇ ದಿನದಲ್ಲಿ ಬನಹಟ್ಟಿಯ ಪ್ರತಿ ಮನೆಯ ಸೀರೆಯೂ ಇಮ್ಮಡಿಯಾಗುತ್ತಿತ್ತು, ಅದನ್ನು ನಂಬಿ ಮುಂದಿನ ನೂಲಿನ ಲೆಕ್ಕವೆಲ್ಲ ಕೆಡುತ್ತಿತ್ತು.

‘ಇಷ್ಟ ವರ್ಷ ನನ್ನ ತಪ್ಪ ಮುಚ್ಕೊಂಡ ಬಂದೀಯಲ್ಲಪಾ,’ ಅಂದರು ಅಕ್ಕೋರು.

‘ನಿಮ್ಮ ಪದ್ಧತಿ ಅಂತ ತಿಳ್ಕೊಂಡಿದ್ದೆರಿ ಅಕ್ಕೋರ,’ ಅಂದ ಮಲ್ಲಪ್ಪ, ತುಸು ಬೇಜಾರಿನಿಂದ.

ನಾನು ಉಪಾಯ ಹೇಳಿದೆ: ಎರಡನೇ ಸಲ ಒತ್ತಿದರೆ ‘ಇದು ಈಗಾಗಲೇ ಜಮಾ ಆಗಿದೆ’ ಅಂತ ಕೆಂಪು ಅಕ್ಷರದಲ್ಲಿ ಬರಲಿ. ಬರೆದೂ ತೋರಿಸಿದೆ. ಅಕ್ಕೋರು ಅದನ್ನು ಅಳಿಸಿದರು. ಎರಡನೆಯ ಒತ್ತನ್ನು ಯಂತ್ರ ಗುರುತಿಸಬೇಕು, ಏನೂ ಮಾಡಬಾರದು, ಏನೂ ಹೇಳಲೂಬಾರದು ಅಂದರು. ನಾನು ವಾದಿಸಿದೆ. ಬಳಸುವವರಿಗೆ ಸರಿಯಾದ ರೂಢಿ ಕಲಿಸುವುದೂ ನಮ್ಮ ಕೆಲಸವಲ್ಲವೇ, ಒಂದು ವಾರ ಕೆಂಪು ಅಕ್ಷರ ಕಂಡರೆ ಅವನೇ ಬಿಡುತ್ತಾನೆ ಅಂದೆ.

‘ತಪ್ಪ ನಂದು, ಬೈಗಳ ಅವಗೇನು?’ ಅಂದರು. ‘ಎರಡನೇ ಸಲ ಒತ್ತಿದ್ರ ಬೈಬಾರದು. ಅವ ಸಾಯೂತನಾ ಒತ್ತಲಿ.’

ಬೈಗುಳದಲ್ಲೇ ಹುಟ್ಟಿ ಬೆಳೆದವರಂತೆ ನನ್ನನ್ನು ಬೈಯುವ ಹೆಂಗಸು ಹೀಗೆ ಅಂದದ್ದು ನನಗೆ ಸೋಜಿಗವಾಯಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಅವರು ಹೇಳಿದಂತೆ, ಎಲ್ಲ ಪುಟಗಳ ಗುಂಡಿಗೂ ಸೇರಿಸಿ, ಬರೆದೆ. ‘ಆತು’ ಅಂದರು.

ಕೊನೆಗೆ ಉಳಿದದ್ದು ನೂಲು ಕೊಡುವ ಪುಟ. ಅದೇ ಎಲ್ಲಕ್ಕೂ ದೊಡ್ಡದು, ಅದೇ ಹಳೆಯ ಗಾಯ. ದಿನನಿತ್ಯ ಡಿಪೋ ತೆರೆದು, ಸೀರೆ ಜಮಾ ಆದಂತೆಲ್ಲ ನೂಲಿನ ಲೆಕ್ಕ ಬದಲಾಗುತ್ತಿದ್ದುದರಿಂದ ಅದನ್ನು ಬದಲಿಸಲು ಅಮಾವಾಸ್ಯೆಯ ಸೂಟಿಯೊಂದೇ ದಾರಿ. ಈ ಅಮಾವಾಸ್ಯೆ ಬಿಟ್ಟರೆ ಅದರ ಮುಂದಿನದು ಬರುವುದರೊಳಗೆ ಸರ್ವರ್ ಕಂಪನಿಯವರ ಗಡುವು ಮುಗಿಯುತ್ತಿತ್ತು. ಅಧ್ಯಕ್ಷರು ಒಪ್ಪಲಿಲ್ಲ. ಅವರು ಹಿರಿಯರು, ಬಟ್ಟೆ ವ್ಯಾಪಾರದ ಮನೆತನ, ಮಾತು ಮೆತ್ತಗೆ ಆಡುವವರು. ಬೇರೆ ಯಾವ ದಿನ ಬೇಕಾದರೂ ಮಾಡಿ, ಅಮಾವಾಸ್ಯೆ ಬೇಡ ಅಂದರು. ಮೊದಲ ಸಲ ಮುಹೂರ್ತ ನೋಡಿ ಮಾಡಿದ್ದೇ ಹಾಗಾಯಿತು, ಇನ್ನು ಅಮಾವಾಸ್ಯೆಗೆ ಹೊಸ ಕೆಲಸ ಅಂದರೆ ಜನ ಏನಂದಾರು ಅಂದರು. ಅವರ ಮಾತಿನಲ್ಲೂ ತಥ್ಯವಿತ್ತು. ನಾನು ಕಂಪ್ಯೂಟರ್‌ಗೆ ಅಮಾವಾಸ್ಯೆ ಗೊತ್ತಾಗುವುದಿಲ್ಲ ಅಂತ ಶುರು ಮಾಡಿದೆ, ಅಕ್ಕೋರು ನನ್ನ ಕಾಲು ತುಳಿದರು.

‘ಹೊಸಾದು ಚಾಲೂ ಮಾಡಾಕತ್ತಿಲ್ಲರಿ,’ ಅಂದರು ಅಧ್ಯಕ್ಷರಿಗೆ. ‘ಎಳಿ ಕೂಡ್ಸಾಕತ್ತೇವಿ. ಅಮಾಸಿ ದಿನ ನಿಮ್ಮ ಓಣ್ಯಾಗ ಎಳಿ ಕೂಡ್ಸಂಗಿಲ್ಲೇನ್ರಿ?’

ಕೂಡಿಸುತ್ತಾರೆ. ಮಗ್ಗ ನಿಂತಿರುವ ದಿನ ಅದೊಂದೇ. ಆ ದಿನ ನೇಯುವುದಿಲ್ಲ, ಹೊಸ ಮಗ್ಗ ಹೂಡುವುದಿಲ್ಲ, ಆದರೆ ಧೂಳು ಹೊಡೆಯುತ್ತಾರೆ, ಎಣ್ಣೆ ಬಿಡುತ್ತಾರೆ, ಮುಗಿದ ಹಾಸಿನ ತುದಿಗೆ ಎಳೆ ಕೂಡಿಸುತ್ತಾರೆ. ಅದನ್ನು ಆರಂಭ ಅಂತ ಯಾರೂ ಅನ್ನುವುದಿಲ್ಲ. ಅಧ್ಯಕ್ಷರು ನಕ್ಕು, ಹಂಗಾದ್ರ ಕೂಡಸ್ರಿ ಅಂದರು. ತೆಂಗಿನಕಾಯಿ ಮಾತ್ರ ಬೇಡ ಅಂತ ಅಕ್ಕೋರು ತಾವೇ ಹೇಳಿದರು.

ಅಮಾವಾಸ್ಯೆಯ ಮುಂಜಾನೆ ಮಲ್ಲಪ್ಪ ಬೀಗ ತೆಗೆದ. ಕಾಯಿ ಬೇಡ ಅಂದಿದ್ದಕ್ಕೆ ವಿಭೂತಿ ತಂದಿದ್ದ. ಮಗ್ಗಕ್ಕೆ ಹಚ್ಚುವ ಹಾಗೆ ಪರದೆಯ ಮೇಲಂಚಿಗೆ ಮೂರು ಬೆರಳು ಎಳೆದ. ಅಕ್ಕೋರು ಬೇಡ ಅನ್ನಲಿಲ್ಲ. ಹಾಗೇ ವಿಭೂತಿಯ ಗಟ್ಟಿಗೆ ತಮ್ಮ ಹೆಬ್ಬೆರಳು ಒಮ್ಮೆ ಒರೆಸಿಕೊಂಡು ಕೂತರು. ಮಧ್ಯಾಹ್ನದ ಊಟದ ಹೊತ್ತಿಗೆ ಪುಟ ಹೊಸದಕ್ಕೆ ಬಂದಿತ್ತು, ನನ್ನ ಪರೀಕ್ಷೆಗಳೆಲ್ಲ ಪಾಸಾಗಿದ್ದವು. ನಾನು ರೊಟ್ಟಿಯ ಗಂಟು ಬಿಚ್ಚಿದೆ. ಅಕ್ಕೋರು ಮಲ್ಲಪ್ಪನಿಗೆ, ನಾಳೆ ಯಾರ‍್ಯಾರಿಗೆ ನೂಲು ಅಂತ ಪರದೆ ನೋಡಿ ಹೆಸರು ಓದು ಅಂದರು. ನಮಗೆ ಬುತ್ತಿ ಉಣ್ಣಲೂ ಬಿಡಲಿಲ್ಲ ಅಂತ ನಾನು ಗೊಣಗಿದೆ.

ಮಲ್ಲಪ್ಪ ಓಣಿಓಣಿಯಾಗಿ ಓದುತ್ತ ಹೋದ. ಎಲ್ಲೋ ಒಂದು ಕಡೆ ನಿಂತ. ಮೊನ್ನೆ ಹೆರಿಗೆಯಾದ ಹುಡುಗಿಯ ಮನೆ ಬರಲಿಲ್ಲವಲ್ಲ ಅಂದ. ಮಗ್ಗ ಮುರಿದ ಇನ್ನೊಬ್ಬರ ಮನೆಯೂ ಇರಲಿಲ್ಲ. ಹಿಂದಿನ ತಿಂಗಳು ಸೀರೆ ತರಲಾಗದ ಮನೆಗಳಷ್ಟೂ ಕಾಣೆಯಾಗಿದ್ದವು. ಅಂಥ ಮನೆಗಳಿಗೂ ಸ್ವಲ್ಪ ನೂಲು ಕೊಡುವುದು ಸಂಘದ ನಿಯಮ. ಯಾರು ಕಷ್ಟದಲ್ಲಿದ್ದರೋ ಅವರ ಚೀಲವೇ ನಾಳೆ ಖಾಲಿ ಹೋಗುತ್ತಿತ್ತು.

ಅಕ್ಕೋರು ಕೀಬೋರ್ಡು ತಮ್ಮ ಕಡೆ ಎಳೆದುಕೊಂಡರು. ಬಹಳ ಹೊತ್ತು ಬೇಕಾಗಲಿಲ್ಲ. ಸೀರೆ ಬಾರದ ಮನೆಯ ಮುಂದೆ ಮಲ್ಲಪ್ಪ ಏನೂ ತುಂಬದೆ ಖಾಲಿ ಬಿಡುತ್ತಿದ್ದ. ಹಳೆಯ ಆವೃತ್ತಿ ಖಾಲಿ ಜಾಗವನ್ನೂ ಪೂಜ್ಯವನ್ನೂ, ಅಂದರೆ ಸೊನ್ನೆಯನ್ನೂ, ಒಂದೇ ಅಂತ ತಿಳಿಯುತ್ತಿತ್ತು. ಹೊಸ ಆವೃತ್ತಿ ಹಾಗೆ ತಿಳಿಯುವುದಿಲ್ಲ. ಅದಕ್ಕೆ ಖಾಲಿ ಬೇರೆ, ಪೂಜ್ಯ ಬೇರೆ. ಹಾಗಾಗಿ ಆ ಮನೆಗಳು ಯಾವ ಲೆಕ್ಕಕ್ಕೂ ಸೇರದೆ ಬಿದ್ದುಹೋಗಿದ್ದವು.

ಖಾಲಿ ಇದ್ದಲ್ಲೆಲ್ಲ ಪೂಜ್ಯ ತುಂಬುವ ಒಂದು ಸಾಲು ಬರೆದರೆ ಸಾಕು ಅಂದೆ. ಸಾಕಾಗುತ್ತಿತ್ತು ಕೂಡ. ಅವರು ತಲೆಯಾಡಿಸಲಿಲ್ಲ. ಬೆರಳು ಉಜ್ಜುತ್ತ ಕೂತರು.

‘ಈ ಹೊಸ ಭಾಷಾ ಖರೇನ ಹೇಳಾಕತ್ತೈತಿ ತಮ್ಮಾ,’ ಅಂದರು. ‘ಬರಿಗೈಲೆ ಬಂದಾವ ಬ್ಯಾರೆ, ಇನ್ನೂ ಬರಲಾರದಾವ ಬ್ಯಾರೆ. ನಾ ಇಬ್ಬರನ್ನೂ ಒಂದ ಲೆಕ್ಕದಾಗ ಹಾಕಿದ್ದೆ.’

‘ಇನ್ನೂ ಬಂದಿಲ್ಲ’ ಅನ್ನುವುದಕ್ಕೆ ಬೇರೆಯೇ ಒಂದು ಗುರುತು ಮಾಡಿಸಿದರು. ಹಾಗೆ ಗುರುತಾದ ಮನೆಗೆ ಹೋಗಿ ವಿಚಾರಿಸಿ ಬರಬೇಕು ಅಂತ ಮಲ್ಲಪ್ಪನಿಗೂ ಒಂದು ಕೆಲಸ ಅಂಟಿಸಿದರು. ನನಗೆ ಹಸಿವಿನಿಂದ ಸಿಟ್ಟು ಬಂದಿತ್ತು. ಮುಗಿಯುವ ಹೊತ್ತಿಗೆ ಹೊರಗೆ ಓಣಿಯಲ್ಲಿ ದೀಪ ಹತ್ತುತ್ತಿದ್ದವು. ಮಲ್ಲಪ್ಪ ಹೆಸರುಗಳನ್ನು ಮೊದಲಿನಿಂದ ಮತ್ತೆ ಓದಿದ, ಈ ಸಲ ಎಲ್ಲೂ ನಿಲ್ಲಲಿಲ್ಲ. ಒಣಗಿದ ರೊಟ್ಟಿಯನ್ನು ಮೂವರೂ ಹಂಚಿಕೊಂಡು ತಿಂದೆವು.

ಮರುದಿನ ಪಾಡ್ಯ. ಅಕ್ಕೋರು ಎಲ್ಲರಿಗಿಂತ ಮೊದಲು ಬಂದು ಮೂಲೆಯ ನೂಲಿನ ಗಂಟಿನ ಮೇಲೆ ಕೂತಿದ್ದರು. ಸಾಲು ಬಂತು, ಮಲ್ಲಪ್ಪ ನೂಲು ಕೊಡತೊಡಗಿದ, ಜನ ಚೀಲ ತುಂಬಿಕೊಂಡು ಹೋದರು. ಹಳೆಯದಾವುದು, ಹೊಸದಾವುದು ಅಂತ ಯಾರೂ ಕೇಳಲಿಲ್ಲ. ಒಬ್ಬ ಮುದುಕಿ ಮಾತ್ರ, ಇಲ್ಲಿ ಯಾಕೆ ಕೂತಿದ್ದೀರಿ ಅಕ್ಕೋರೇ ಅಂತ ಕೇಳಿದಳು. ಸುಮ್ಮನೆ ಅಂದರು. ಬಾಣಂತಿ ಹುಡುಗಿಯ ಅತ್ತೆ ಬಂದು ನೂಲು ಒಯ್ದ ಮೇಲೆ ಎದ್ದು ಸೀರೆ ಝಾಡಿಸಿಕೊಂಡು ಸ್ಕೂಟರ್ ಏರಿ ಹೋದರು. ನನಗೆ ಆತು ಅಂತಲೂ ಹೇಳಲಿಲ್ಲ.

ಇನ್ನೊಂದು ಅಮಾವಾಸ್ಯೆ ಕಳೆದ ಮೇಲೆ ಹಳೆಯ ಕೋಡನ್ನು ಅಳಿಸಿದೆವು. ನಾನು ನೆನಪಿಗಾದರೂ ಒಂದು ನಕಲು ಇಟ್ಟುಕೊಳ್ಳೋಣ ಅಂದೆ. ಅವರು ಮೊದಲ ಸಲ ಬರೆದದ್ದು, ಅವರ ವಯಸ್ಸಿನ ದೊಡ್ಡ ಪಾಲು ಅದರಲ್ಲಿತ್ತು. ಎಳೆ ಕೂಡಿಸಿದ ಗಂಟುಗಳ ಭಾಗ ಮಗ್ಗದ ಈಚೆ ಬಂದ ಮೇಲೆ ಅದನ್ನು ಕತ್ತರಿಸಿ ಎಸೆಯುತ್ತಾರೆ, ಸೀರೆಯಲ್ಲಿ ಅದನ್ನು ಯಾರೂ ಉಡುವುದಿಲ್ಲ ಅಂದರು. ತಾವೇ ಅಳಿಸಿದರು. ಕಣ್ಣಲ್ಲಿ ನೀರೇನೂ ಬರಲಿಲ್ಲ. ನನಗೇ ಕೆಡುಕೆನಿಸಿತು.

ಆಮೇಲೆ ಆಫೀಸು ಮುಚ್ಚಿ ಮನೆಯಲ್ಲೇ ಇದ್ದರು. ತಮ್ಮ ಉಳಿದ ಅಪ್ಲಿಕೇಶನ್‌ಗಳನ್ನು ಒಂದೊಂದಾಗಿ ನನಗೆ ದಾಟಿಸಿದರು, ಒಂದೊಂದಕ್ಕೂ ಬೈದರು. ಫೋನಿನಲ್ಲಿ ಪಾಠ ಕೇಳುವುದು ಬಿಡಲಿಲ್ಲ. ಹೋದ ಉಗಾದಿಗೆ ಬೇವುಬೆಲ್ಲ ಕೊಡುತ್ತ, ಇನ್ನೊಂದು ಆವೃತ್ತಿ ಬರುತ್ತಿದೆ, ಗೊತ್ತಿದೆಯೇ ಅಂತ ನನ್ನನ್ನೇ ಕೇಳಿದರು. ನನಗೆ ಗೊತ್ತಿರಲಿಲ್ಲ.

ಮಲ್ಲಪ್ಪನ ಫೋನು ಬಂದ ದಿನ ಜಮಖಂಡಿಯಿಂದ ಬನಹಟ್ಟಿಗೆ ಹೋದೆ. ಮಣ್ಣು ಮಧ್ಯಾಹ್ನಕ್ಕಿತ್ತು. ಡಿಪೋ ಮುಚ್ಚಿರುತ್ತದೆ ಅಂದುಕೊಂಡು ಹಾಯ್ದು ಹೋಗುವಾಗ ನೋಡಿದರೆ ಬಾಗಿಲು ತೆರೆದಿದೆ, ಹೊರಗೆ ಚೀಲ ಹಿಡಿದವರ ಸಾಲಿದೆ. ಒಳಗೆ ಹೋದೆ. ಮಲ್ಲಪ್ಪ ಪರದೆಯ ಮುಂದೆ ಕೂತಿದ್ದ.

‘ಬಂದ್ ಮಾಡೂಣು ಅಂದ್ರು ಅಧ್ಯಕ್ಷರು,’ ಅಂದ, ನನ್ನ ಕಡೆ ತಿರುಗದೆ. ‘ನಾನ ಬ್ಯಾಡಂದೆ. ಅಮಾಸಿ ದಿನ ಹ್ವಾದ್ರು ನೋಡ್ರಿ, ಮಗ್ಗಕ್ಕ ತ್ರಾಸ ಆಗಬಾರದಂತ. ಈಗ ನಾವ ಬಂದ್ ಮಾಡಿದ್ರ ಎದ್ದ ಬಂದ ಬೈತಾರ.’

ಸಾಲಿನಲ್ಲಿದ್ದ ಹೆಂಗಸರು ನಗಬೇಕೋ ಅಳಬೇಕೋ ತಿಳಿಯದೆ ಸೆರಗು ಬಾಯಿಗೆ ಇಟ್ಟುಕೊಂಡರು. ಅವರೆಲ್ಲ ಮಣ್ಣಿಗೆ ಹೋಗುವವರೇ. ನೂಲು ಮನೆಗೆ ಮುಟ್ಟಿಸಿ ಹೋಗುವವರು.

ನಾನು ಅವನ ಹಿಂದೆ ನಿಂತೆ. ಆ ಅಪ್ಲಿಕೇಶನ್ನಿನಲ್ಲಿ ಅಕ್ಕೋರು ಬರೆದ ಒಂದು ಸಾಲೂ ಇವತ್ತು ಇಲ್ಲ. ಹುಡುಕಿದರೂ ಸಿಗುವುದಿಲ್ಲ, ಸಿಗದಂತೆ ಅವರೇ ನೋಡಿಕೊಂಡಿದ್ದಾರೆ. ನನಗೆ ಆಗ ಅಳು ಬಂತು. ಮುಂದಿನ ಹೆಂಗಸು ಚೀಲ ಬಿಡಿಸಿದಳು. ಮಲ್ಲಪ್ಪ ಕಣ್ಣೊರೆಸಿಕೊಂಡು ಅವಳ ಹೆಸರು ತೆಗೆದ, ನೂಲು ತೂಗಿಸಿದ, ಗುಂಡಿ ಒತ್ತಿದ. ಮತ್ತೊಮ್ಮೆ ಒತ್ತಿದ. ಪರದೆ ಏನೂ ಅನ್ನಲಿಲ್ಲ.